ಬಿಳಿ ಹಾಕುವ ಹೊತ್ತು

ಮಹಡಿ ಕೋಣೆ, ಟೈಲರ್ ಅಂಗಡಿಯ ಮೇಲೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ಅರವತ್ತು ದಾಟಿದವಳನ್ನು ಇನ್ನೂ ಪುಟ್ಟಿ ಅಂತೀಯಲ್ಲ ಅಕ್ಕಾ ಅಂತ ಮುಖ ಊದಿಸಿಕೊಳ್ಳಬೇಡ. ನಾನು ಬದುಕಿರುವವರೆಗೆ ನಿನಗೆ ದೊಡ್ಡವಳಾಗುವ ಯೋಗ ಇಲ್ಲ. ಮೊದಲು ಕೈ ಹೇಗಿದೆ ಹೇಳು. ಹೆಬ್ಬೆರಳು ಈಗ ಕಿರುಬೆರಳನ್ನು ಮುಟ್ಟುತ್ತದೆಯೋ, ಇಲ್ಲ ಇನ್ನೂ ಉಂಗುರದ ಬೆರಳಿನ ಹತ್ತಿರವೇ ಮುನಿಸಿಕೊಂಡು ನಿಂತಿದೆಯೋ? ಕಸರತ್ತು ಮಾಡಿಸಲು ಬರುವಾಕೆ ಕೊಟ್ಟ ರಬ್ಬರ್ ಚೆಂಡನ್ನು ದಿನಾ ಹಿಂಡುತ್ತಿದ್ದೀಯಾ? ಇಲ್ಲ, ಮೊಮ್ಮಗಳಿಗೆ ಆಡಲು ಕೊಟ್ಟು, ಆಕೆ ಬಾಗಿಲು ತಟ್ಟಿದಾಗ ಮಾತ್ರ ಕಿತ್ತುಕೊಂಡು ಹಿಂಡುತ್ತಾ ಕೂರುತ್ತೀಯಾ? ನಿನ್ನ ಸ್ವಭಾವ ನನಗೆ ಗೊತ್ತಿಲ್ಲದ್ದಲ್ಲ. ಚಿಕ್ಕಂದಿನಲ್ಲಿ ಔಷಧಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡು, ಅಮ್ಮ ಆಚೆ ತಿರುಗಿದ ಕೂಡಲೇ ಹೂಕುಂಡಕ್ಕೆ ಉಗಿದವಳು ನೀನು. ಆ ವರ್ಷ ಗಿಡ ಮಾತ್ರ ಸೊಂಪಾಗಿ ಬಂತು. ಮಣಿಕಟ್ಟಿನ ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿದ ಮೇಲೆ ಮೂಳೆ ತನ್ನ ಪಾಲಿನ ಕೆಲಸ ಮುಗಿಸಿದೆ ಅಂತ ಅರ್ಥ. ಉಳಿದದ್ದು ನಿನ್ನದು. ರಾತ್ರಿ ನಿದ್ದೆ ಬರುತ್ತಿದೆಯಾ? ಅಳಿಯಂದಿರ ಕೆಮ್ಮು ಹೇಗಿದೆ? ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಅದರ ಬಗ್ಗೆ ಹೊಸ ಸುದ್ದಿ ಇಲ್ಲ.

ನಿನ್ನ ಕಾಗದ ಬಂತು. ಮೊಮ್ಮಗಳ ಕೈಯಲ್ಲಿ ಬರೆಸಿದ್ದರೂ ಒಳಗಿರುವ ಗೊಣಗಾಟ ನಿನ್ನದೇ ಅಂತ ಮೊದಲ ಸಾಲಿನಲ್ಲೇ ತಿಳಿಯಿತು. ಅವಳು ಕೆಳಗೆ ಒಂದು ನಾಯಿಯನ್ನೂ ಬರೆದು ಕಳಿಸಿದ್ದಾಳೆ. ಅದಕ್ಕೆ ಐದು ಕಾಲು. ಒಂದು ಬಾಲವಂತೆ, ಬದಿಯಲ್ಲಿ ಬಾಣದ ಗುರುತು ಹಾಕಿ ಬರೆದಿದ್ದಾಳೆ. ದೊಡ್ಡಜ್ಜಿ ತುಂಬ ಮೆಚ್ಚಿಕೊಂಡಳು ಅಂತ ಹೇಳು, ಬಾಲವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೆ ನಾಯಿಗೂ ಅನುಕೂಲ ಅಂತಲೂ ಹೇಳು. ಕಾಗದದ ನಡುವೆ ನೀನು ಹೇಳಿಸಿರುವ ಮಾತನ್ನೂ ಓದಿದೆ. ಬ್ರಶ್ ಹಿಡಿದರೆ ಕೈ ನಡುಗುತ್ತದೆ, ಗೆರೆ ಎಲ್ಲಿಗೋ ಓಡುತ್ತದೆ, ಇನ್ನು ಆ ಕೆಲಸ ನನ್ನಿಂದ ಆಗದು, ಮೇಜಿನ ಕೆಳಗಿರುವ ನನ್ನ ಪೆಟ್ಟಿಗೆಯನ್ನು ಬ್ರಶ್ಶುಗಳ ಸಮೇತ ಯಾರಿಗಾದರೂ ಕೊಟ್ಟುಬಿಡು ಅಂತ. ಅದಕ್ಕೆ ಉತ್ತರವನ್ನು ಆಮೇಲೆ ಬರೆಯುತ್ತೇನೆ. ನಿನ್ನ ಮಗಳು ಹೋದ ವಾರ ಫೋನ್ ಮಾಡಿ, "ದೊಡ್ಡಮ್ಮಾ, ಚಿತ್ರದ ವಿಷಯ ಎತ್ತಬೇಡಿ, ಅಮ್ಮ ಎದ್ದು ಒಳಗೆ ಹೋಗಿಬಿಡ್ತಾಳೆ" ಅಂದಳು. ಆಗಲಿ ಅಂದೆ. ಆದರೆ ಪುಟ್ಟಿ, ಚಿತ್ರದ ವಿಷಯ ಬಿಟ್ಟರೆ ನನಗೆ ಬರೆಯಲು ಇನ್ನೇನಿದೆ? ಹವಾಮಾನವೇ? ಬಿಸಿಲಿದೆ. ಮುಗಿಯಿತು. ಹಾಗಾಗಿ ಚಿತ್ರದ ವಿಷಯವನ್ನೇ ಬರೆಯುತ್ತಿದ್ದೇನೆ. ಕಾಗದ ಓದುವಾಗ ಎದ್ದು ಒಳಗೆ ಹೋದರೂ ಚಿಂತೆಯಿಲ್ಲ, ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಹೋಗು.

ಮೊದಲು ಮನೆಯ ಸುದ್ದಿ. ನೀನು ಬಿದ್ದ ಮೆಟ್ಟಿಲಿಗೆ ಕೈಹಿಡಿ ಹಾಕಿಸಿದೆ. ಬಡಗಿ ಬಂದು ಅಳತೆ ತೆಗೆದುಕೊಂಡು, ಗೋಡೆ ತಟ್ಟಿ ನೋಡಿ, "ಇಷ್ಟು ವರ್ಷ ಇದಿಲ್ಲದೆ ಹೇಗೆ ಹತ್ತುತ್ತಿದ್ದಿರಿ ಅಮ್ಮಾ" ಅಂದ. "ಒಬ್ಬರನ್ನೊಬ್ಬರು ಹಿಡಿದುಕೊಂಡು" ಅಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಈಗ ಕೆಳಗಿನಿಂದ ಮೇಲಿನವರೆಗೆ ನುಣುಪಾದ ಮರ, ಟೈಲರನ ಬೆಕ್ಕು ಅದರ ಮೇಲೆಯೇ ನಡೆದುಕೊಂಡು ಬರುತ್ತದೆ, ಮೆಟ್ಟಿಲನ್ನು ತುಳಿಯುವುದನ್ನೇ ಬಿಟ್ಟಿದೆ. ಟೈಲರ್ ಎಂದಿನ ಹಾಗೆ ದಿನಕ್ಕೊಂದು ಸಲ ಕತ್ತರಿಯಿಂದ ಮೇಲಿನ ಹಲಗೆಗೆ ಕುಟ್ಟಿ ನಾನು ಇದ್ದೀನೋ ಇಲ್ಲವೋ ವಿಚಾರಿಸುತ್ತಾನೆ, ನಾನು ಚಪ್ಪಲಿಯಿಂದ ನೆಲ ಕುಟ್ಟಿ ಇದ್ದೀನಿ ಅನ್ನುತ್ತೇನೆ. ಬಾಗಿಲ ಮೇಲಿನ ನಮ್ಮ ಬೋರ್ಡು ಮಾಸಿತ್ತು, ಅಕ್ಷರಗಳನ್ನು ತಿದ್ದಿದೆ. "ನಾಯಿ, ಬೆಕ್ಕು, ಹಕ್ಕಿ ಇತ್ಯಾದಿಗಳ ಚಿತ್ರ ಬರೆದುಕೊಡುತ್ತೇವೆ. ಮನುಷ್ಯರೂ ಆಗಬಹುದು." ಈ ಕೊನೆಯ ಸಾಲನ್ನು ತೆಗೆದುಹಾಕು ಅಂತ ನೀನು ಎಷ್ಟೋ ಸಲ ಹೇಳಿದ್ದೆ. ತೆಗೆಯಲಿಲ್ಲ. ಜನ ಮೆಟ್ಟಿಲ ಕೆಳಗೆ ನಿಂತು ಅದನ್ನೇ ಓದಿ ನಗುತ್ತಾರೆ, ನಕ್ಕವರು ಮೇಲಕ್ಕೆ ಬರುತ್ತಾರೆ.

ನೀನು ಹೋದ ಮೇಲೆ ಮೊದಲು ಬಂದದ್ದು ಒಂದು ಗಿಣಿ. ನಿವೃತ್ತ ಸಂಗೀತದ ಮೇಡಂ ಅವರದು. ಪ್ರಾಣಿಯೇ ಬಂದು ಎದುರಿಗೆ ಕೂರಬೇಕು, ಫೋಟೋ ನೋಡಿ ಬರೆಯುವುದಿಲ್ಲ ಅನ್ನುವ ನಮ್ಮ ನಿಯಮ ಹೇಳಿದ್ದಕ್ಕೆ ಪಂಜರವನ್ನು ಎದೆಗೆ ಅವಚಿಕೊಂಡು ಹತ್ತಿ ಬಂದರು. ನಾನು ಪೆನ್ಸಿಲ್ ಹಿಡಿದ ಕೂಡಲೇ ಆ ಗಿಣಿ "ತಪ್ಪು, ಮತ್ತೆ ಹೇಳು" ಅಂದಿತು. ಮೇಡಂ ನಾಚಿಕೊಂಡು, "ಮಕ್ಕಳಿಗೆ ಪಾಠ ಹೇಳ್ತಿದ್ದಾಗ ಕಲಿತದ್ದು" ಅಂದರು. ಒಂದು ಗೆರೆ ಎಳೆದರೆ ತಪ್ಪು, ಅಳಿಸಿದರೆ ಮತ್ತೆ ಹೇಳು. ಬೆಳಿಗ್ಗೆಯೆಲ್ಲಾ ಹೀಗೇ. ನಿನ್ನ ಜೊತೆ ಕೂತು ಕೆಲಸ ಮಾಡಿದ ಹಾಗೇ ಇತ್ತು, ಬೇಜಾರಾಗಲಿಲ್ಲ. ಹಸಿರು ಮೈ, ಕೆಂಪು ಕೊಕ್ಕು, ನಿನ್ನ ನೆರವಿಲ್ಲದೆಯೂ ಹೇಗೋ ದಡ ಸೇರಿದೆ. ಮೇಡಂ ಚಿತ್ರವನ್ನು ಪಿಯಾನೋ ಮೇಲೆ ಇಟ್ಟಿದ್ದಾರಂತೆ. ನನಗೆ ತಲೆ ತಿರುಗಿತು ಅಂತ ಕಾಣುತ್ತದೆ. ಒಬ್ಬಳೇ ಸಾಕು, ಎಲ್ಲವೂ ಬರುತ್ತದೆ ಅಂದುಕೊಂಡೆ. ಆಮೇಲೆ ಬಂತು ಬೇಕರಿಯವರ ನಾಯಿ.

ನಿನಗೆ ಆ ನಾಯಿ ಗೊತ್ತು, ಬ್ರೆಡ್ ಗಾಡಿಯ ಕೆಳಗೆ ಮಲಗಿರುವುದು, ಮೈಯೆಲ್ಲಾ ಬಿಳಿ. ಬೇಕರಿಯವನು ಮತ್ತು ಅವನ ಹೆಂಡತಿ ಇಬ್ಬರೂ ಬಂದು ಕೂರಿಸಿದರು. ಗೆರೆ, ಕಣ್ಣು, ಮೂಗು, ಬಾಯಿ, ಅಂದರೆ ನನ್ನ ಪಾಲಿನ ಕೆಲಸ, ಹೂವೆತ್ತಿದ ಹಾಗೆ ಮುಗಿಯಿತು. ಆಮೇಲೆ ಮೈ. ಚಿತ್ರಗಳಿಗೆ ಕಟ್ಟು ಹಾಕುವ ಅಪ್ಪನ ಅಂಗಡಿಯಲ್ಲಿ, ಕಟ್ಟು ಹಾಕಿಸಲು ಬಂದ ಚಿತ್ರಗಳನ್ನು ನೋಡಿ ನೋಡಿ ನಾವಿಬ್ಬರೂ ಬರೆಯಲು ಕಲಿತ ದಿನದಿಂದಲೂ ಹೀಗೇ ಅಲ್ಲವೇ? ರೂಪ ನನ್ನದು, ಮೈಬಣ್ಣ ನಿನ್ನದು. ಅದರಲ್ಲೂ ಬಿಳಿಯನ್ನು ಮುಟ್ಟಲು ನೀನು ಯಾರಿಗೂ ಬಿಟ್ಟವಳಲ್ಲ. ಬಿಳಿ ಹಾಕುವ ಹೊತ್ತು ಬಂತೆಂದರೆ, ಹಿಡಿ ಜಾರದಿರಲಿ ಅಂತ ಟೈಲರ್ ಕೊಟ್ಟ ನೀಲಿ ಬಟ್ಟೆಚೂರು ಸುತ್ತಿಕೊಂಡ ಆ ಸಣ್ಣ ಬ್ರಶ್ ತೆಗೆದು, "ಅಕ್ಕಾ, ಹೋಗಿ ಚಹಾ ಕುಡಿದು ಬಾ" ಅನ್ನುತ್ತಿದ್ದೆ. ಚಹಾ ಬೇಡ ಅಂದರೂ ಬಿಡುತ್ತಿರಲಿಲ್ಲ. "ನೀನು ಹಿಂದೆ ನಿಂತು ಉಸಿರು ಬಿಟ್ಟರೆ ಬಿಳಿ ಕೊಳಕಾಗುತ್ತದೆ" ಅಂತ ಬೇರೆ ಹೇಳುತ್ತಿದ್ದೆ. ನಾನು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ, ಟೈಲರ್ ಜೊತೆ ಹರಟುತ್ತಿದ್ದೆ, ವಾಪಸ್ ಹೋಗುವಷ್ಟರಲ್ಲಿ ಬೆಕ್ಕೋ ಮೊಲವೋ ಉಸಿರಾಡುತ್ತಾ ಕೂತಿರುತ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ, ಒಂದು ದಿನವೂ ನೀನು ಬಿಳಿ ಹಾಕುವುದನ್ನು ನಾನು ನೋಡಿಲ್ಲ. ಇದು ನನಗೆ ಹೊಳೆದದ್ದು ಆ ನಾಯಿಯ ಮುಂದೆ ಬ್ರಶ್ ಹಿಡಿದು ನಿಂತಾಗಲೇ. ಯಾರಾದರೂ ಕೇಳಿದರೆ ನಂಬುತ್ತಾರೆಯೇ?

ನಾಯಿ ಬಿಳಿ ಇದೆ, ಟ್ಯೂಬಿನಲ್ಲಿ ಬಿಳಿ ಇದೆ, ಇದರಲ್ಲೇನು ಮಹಾ ಅಂತ ಟ್ಯೂಬನ್ನು ಹಿಂಡಿ ಬಳಿದುಬಿಟ್ಟೆ. ಗಂಡ ಹೆಂಡತಿ ತೆಗೆದುಕೊಂಡು ಹೋಗಲು ಬಂದರು. ಇಬ್ಬರೂ ಪಾಪ, ಬಹಳ ಹೊತ್ತು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಬೇಕರಿಯವನು ಮೆಲ್ಲಗೆ, "ಸುಣ್ಣ ಚೆನ್ನಾಗಿ ಹಿಡಿದಿದೆ" ಅಂದ. ಹೆಂಡತಿ ಅವನ ತೋಳು ಚಿವುಟಿ, "ಅಕ್ಕಾ, ಕಣ್ಣು ನಮ್ಮ ನಾಯಿದೇ, ಸುಳ್ಳು ಹೇಳಬಾರದು. ಆದ್ರೆ ಅದು ಯಾರದೋ ಕಾಂಪೌಂಡ್ ಹಿಂದೆ ನಿಂತು ಇಣುಕ್ತಾ ಇರೋ ಹಂಗಿದೆ" ಅಂದಳು. ನಾನು ನಗಲಿಲ್ಲ, ಅಳಲೂ ಇಲ್ಲ. ಒಂದು ವಾರ ಬಿಡಿ ಅಂದೆ. ಅವರು ಹೋದ ಮೇಲೆ ಆ ಗೋಡೆಯ ಮುಂದೆ ಕೂತು ನಿನ್ನನ್ನು ಚೆನ್ನಾಗಿ ಬೈದೆ. ಕಲಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಆಮೇಲೆ ನನ್ನನ್ನೂ ಬೈದುಕೊಂಡೆ. ನಾನು ಕೇಳಿದ್ದರೆ ತಾನೇ ನೀನು ಹೇಳುವುದು? ಚಹಾ ಚೆನ್ನಾಗಿತ್ತು, ಹರಟೆ ಚೆನ್ನಾಗಿತ್ತು, ನಾನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಟೈಲರನಿಂದ ಹೊಸ ಬಿಳಿ ಬಟ್ಟೆಯ ತುಂಡೊಂದನ್ನು ಇಸಿದುಕೊಂಡು ಬೇಕರಿಗೆ ಹೋದೆ. ನಾಯಿಯ ಪಕ್ಕ ನೆಲದ ಮೇಲೆ ಕೂತು ಬಟ್ಟೆಯನ್ನು ಅದರ ಮೈಗೆ ಹಿಡಿದೆ. ಬ್ರೆಡ್ ಕೊಳ್ಳಲು ಬಂದವರು ನಾನು ನಾಯಿಗೆ ಅಂಗಿ ಹೊಲಿಸುತ್ತಿದ್ದೇನೆ ಅಂದುಕೊಂಡರು. ಪುಟ್ಟಿ, ಆ ನಾಯಿ ಬಿಳಿಯೇ ಅಲ್ಲ. ಕಿವಿಯ ಹಿಂದೆ ಹಾಲು ಹಾಕಿದ ಚಹಾದ ಬಣ್ಣ, ಹೊಟ್ಟೆಯ ಕೆಳಗೆ ಮೋಡದ ನೀಲಿ, ತೊಡೆಯ ಸಂದಿನಲ್ಲಿ ಗುಲಾಬಿ, ಒಲೆಯ ಕಡೆ ತಿರುಗಿದರೆ ಒಂದು ಪಕ್ಕವೆಲ್ಲಾ ಬ್ರೆಡ್ಡಿನ ಅಂಚಿನ ಹಾಗೆ. ನಿಜವಾದ ಬಿಳಿ ಇದ್ದದ್ದು ಮೂಗಿನ ಮೇಲೆ ಅಂಟಿದ್ದ ಮೈದಾ ಹಿಟ್ಟಿನಲ್ಲಿ ಮಾತ್ರ. ನೀನು ಬಣ್ಣ ಕಲಸುವ ಹಲಗೆಯ ಮೇಲೆ ಬಿಳಿಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದೆ, ಅದೂ ಬಟಾಣಿ ಕಾಳಿನಷ್ಟು. ಜಿಪುಣಿ ಅಂತ ನಾನು ಆಡಿಕೊಳ್ಳುತ್ತಿದ್ದೆ. ಈಗ ಗೊತ್ತಾಯಿತು. ಹಳೆಯದನ್ನು ಕೆರೆದು ಮತ್ತೆ ಬರೆದೆ. ಸುಮಾರಾಗಿ ಬಂತು. ಬೇಕರಿಯವನ ಹೆಂಡತಿ ನೋಡಿ, "ಈಗ ನಮ್ಮ ನಾಯಿಯ ದೊಡ್ಡಪ್ಪನ ಮಗನ ಥರ ಇದೆ ಅಕ್ಕಾ, ಸಂಬಂಧ ಗೊತ್ತಾಗುತ್ತೆ" ಅಂದಳು. ಖುಷಿಯಾಗಿಯೇ ತೆಗೆದುಕೊಂಡು ಹೋಗಿ ಗಾಜಿನ ಕಪಾಟಿನ ಮೇಲೆ ನೇತುಹಾಕಿದ್ದಾರೆ. ಬ್ರೆಡ್ ತರಲು ಹೋದಾಗಲೆಲ್ಲಾ ನನ್ನ ಕಣ್ಣು ಅತ್ತ ಹೋಗುತ್ತದೆ. ಬಿಳಿ ಏನೆಂದು ನೋಡಲು ಕಲಿತೆ, ಹಾಕಲು ಕಲಿಯಲಿಲ್ಲ. ನೋಡುವುದು ಬೇರೆ, ಕೈಗೆ ಬರುವುದು ಬೇರೆ, ಇದನ್ನು ನಿನಗೆ ನಾನೇನು ಹೇಳುವುದು.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಹೋದ ತಿಂಗಳು ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಕುದುರೆ ಸವಾರಿ ಶಾಲೆಯ ಮೇಷ್ಟ್ರು. ಆಳು ಎತ್ತರ, ಬಾಗಿಲಿಗೆ ತಲೆ ತಾಗದಿರಲಿ ಅಂತ ಬಗ್ಗಿ ಬಂದವರು ಒಳಗೆ ಬಂದ ಮೇಲೂ ಬಗ್ಗಿಯೇ ನಿಂತಿದ್ದರು. ಕೂರಿ ಅಂದರೆ ನಮ್ಮ ಮಾಡೆಲ್ಲುಗಳು ಕೂರುವ ಸ್ಟೂಲಿನ ಮೇಲೆ ಕೂತರು. "ಬೋರ್ಡು ಓದಿದೆ, ಇತ್ಯಾದಿ ಅಂದ್ರೆ ಕುದುರೆನೂ ಬರುತ್ತಾ?" ಅಂತ ಕೇಳಿದರು. ಅವರ ಹತ್ತಿರ ಒಂದು ಬಿಳಿ ಹೆಣ್ಣು ಕುದುರೆ ಇದೆ. ಅದಕ್ಕೊಂದು ಒಳ್ಳೆಯ ಹೆಸರಿದ್ದರೂ ಅವರು ಕರೆಯುವುದು ಮುದುಕಿ ಅಂತಲೇ. ಊರಿನಲ್ಲಿ ಕುದುರೆ ಹತ್ತಲು ಕಲಿತವರೆಲ್ಲಾ ಕಲಿತದ್ದು ಮುದುಕಿಯ ಬೆನ್ನ ಮೇಲೆ. ಯಾರೂ ಬಿದ್ದು ಗಾಯ ಮಾಡಿಕೊಂಡಿಲ್ಲವಂತೆ, ಬೀಳುವ ಹಾಗೆ ಕಂಡರೆ ಅದೇ ನಿಂತುಬಿಡುತ್ತಿತ್ತಂತೆ. ಈಗ ಅದಕ್ಕೆ ವಯಸ್ಸಾಯಿತು, ಜೀನು ಇಳಿಸಿದ್ದಾರೆ. ಅದರ ಚಿತ್ರ ಬೇಕು, ಸಣ್ಣದಲ್ಲ, ಬಾಗಿಲಿನಷ್ಟು ದೊಡ್ಡದು. ಶಾಲೆಯ ಒಳಗೋಡೆಯ ಮೇಲೆ ಅದು ನಿಂತಿರಬೇಕು, ಹೊಸದಾಗಿ ಕಲಿಯಲು ಬಂದವರು ಮೊದಲು ಅದನ್ನು ನೋಡಬೇಕು. ಇಷ್ಟು ಹೇಳಿ ಆ ದೊಡ್ಡ ಮನುಷ್ಯ ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಬೇಕರಿಯಲ್ಲಿ ನಿಮ್ಮ ನಾಯಿ ನೋಡಿದೆ" ಅಂದರು. "ಗಿಣಿಯನ್ನೂ ನೋಡಿದೆ. ಮೊದಲಿನ ಬೆಕ್ಕುಗಳನ್ನೂ ನೋಡಿದ್ದೀನಿ, ನಮ್ಮ ಅಕ್ಕನ ಮನೆಯಲ್ಲಿ ಒಂದಿದೆ. ಬೆಕ್ಕು ಬರೆದವರು ಬರೀತಾರಾ, ನಾಯಿ ಬರೆದವರು ಬರೀತಾರಾ?" ಅಂತ ಕೇಳಿದರು. ಕುದುರೆಯ ಜೊತೆ ಇರುವವರ ಕಣ್ಣು ಹಾಗೆ, ಏನೂ ಮುಚ್ಚಿಡಲಾಗುವುದಿಲ್ಲ. ನಾನು, "ನಾವಿಬ್ಬರೂ ಸೇರಿ ಬರೀತೀವಿ. ತಂಗಿ ಸ್ವಲ್ಪ ದಿನಕ್ಕೆ ಮಗಳ ಮನೆಗೆ ಹೋಗಿದ್ದಾಳೆ" ಅಂದೆ. ಬಾಯಿಂದ ಬಂದೇಬಿಟ್ಟಿತು. ನಿನ್ನನ್ನು ಕೇಳದೆ ನಿನ್ನ ಹೆಸರಿನಲ್ಲಿ ಮಾತು ಕೊಟ್ಟೆ. ಬೈಯಬೇಕಾದರೆ ಇಲ್ಲೇ ಬೈದುಬಿಡು, ಮುಂದಿನದ್ದನ್ನು ಸಮಾಧಾನವಾಗಿ ಓದು.

ಕುದುರೆಯನ್ನು ಮಹಡಿ ಹತ್ತಿಸಲು ಆಗದು, ಕೈಹಿಡಿ ಇದ್ದರೂ ಆಗದು. ಹಾಗಾಗಿ ನಾನೇ ಅವರ ಲಾಯಕ್ಕೆ ಹೋಗಿ ಬರುತ್ತಿದ್ದೇನೆ. ಬಕೆಟ್ ಬೋರಲು ಹಾಕಿ ಕೂರುತ್ತೇನೆ. ಹುಲ್ಲಿನ ವಾಸನೆ, ತೊಗಲಿನ ವಾಸನೆ, ಮೇಲಿನ ತಗಡಿನ ಸಂದಿನಿಂದ ಬೀಳುವ ಬಿಸಿಲಿನ ಪಟ್ಟಿಗಳು. ಮುದುಕಿ ಮೊದಲ ದಿನವೇ ನನ್ನ ರಬ್ಬರನ್ನು ತಿಂದಿತು. ಎರಡನೆಯ ದಿನ ನನ್ನ ಸೆರಗನ್ನು ರುಚಿ ನೋಡಿ ಬಿಟ್ಟಿತು, ಹಿಡಿಸಲಿಲ್ಲ ಅಂತ ಕಾಣುತ್ತದೆ. ಅದರ ಕಣ್ಣು ಎಷ್ಟು ದೊಡ್ಡದು ಅಂದರೆ ಒಳಗೆ ಬಾಗಿಲು, ಬಕೆಟ್, ಬಕೆಟ್ಟಿನ ಮೇಲೆ ಕೂತ ನಾನು ಎಲ್ಲಾ ಕಾಣುತ್ತೇವೆ. ಕಣ್ಣು, ತುಟಿ, ಕಿವಿ, ಮೊಣಕಾಲಿನ ಗಂಟು, ಎಲ್ಲವನ್ನೂ ಹಿಡಿದೆ. ದೊಡ್ಡ ಕ್ಯಾನ್ವಾಸಿನ ಮೇಲೆ ಇದ್ದಿಲಿನಲ್ಲಿ ರೂಪ ನಿಂತಿದೆ. ಮೇಷ್ಟ್ರು ದಿನಾ ಸಂಜೆ ಬಂದು ಹಿಂದೆ ಕೈಕಟ್ಟಿ ನೋಡುತ್ತಾರೆ. ಮೊನ್ನೆ, "ಮುದುಕಿ ಹೌದು. ಆದ್ರೆ ಸರಿಯಾಗಿ ನಿಲ್ಲು ಅಂತ ಯಾರೋ ಗದರಿದ ಹಾಗಿದೆ" ಅಂದರು. ಮನುಷ್ಯ ಸರಿಯಾಗಿ ಹೇಳಿದ. ನನ್ನ ಗೆರೆ ಯಾವಾಗಲೂ ಹಾಗೇ ಅಲ್ಲವೇ, ಬಿಗಿ. ಅದನ್ನು ಸಡಿಲ ಮಾಡುತ್ತಿದ್ದದ್ದು ನೀನು.

ಅವರು ಹೇಳಿದ ಮೇಲೆ ಕೈಯಲ್ಲಿ ಏನೂ ಹಿಡಿಯದೆ ಸುಮ್ಮನೆ ಕೂತು ನೋಡಿದೆ. ಪುಟ್ಟಿ, ಆ ಕುದುರೆಯ ಮೈ ಒಂದು ಗಳಿಗೆಯೂ ನಿಂತಲ್ಲಿ ನಿಲ್ಲುವುದಿಲ್ಲ. ನೊಣ ಕೂತರೆ ಭುಜದ ತೊಗಲು ಅದುರುತ್ತದೆ, ಗಾಳಿ ಬಂದರೆ ಪಕ್ಕೆ ಅದುರುತ್ತದೆ, ಏನೂ ಇಲ್ಲದಿದ್ದರೂ ನೀರಿನ ಮೇಲೆ ಹೋದ ಹಾಗೆ ಕುತ್ತಿಗೆಯಿಂದ ಬೆನ್ನಿನವರೆಗೆ ಒಂದು ನಡುಕ ಹೋಗುತ್ತದೆ. ವಯಸ್ಸಾದ ಮೇಲೆ ಜಾಸ್ತಿಯಾಗಿದೆ ಅನ್ನುತ್ತಾರೆ ಮೇಷ್ಟ್ರು. ಬಿಳಿಯೊಳಗೆ ಬೂದು ಓಡುತ್ತದೆ, ಬೂದಿನೊಳಗೆ ಗುಲಾಬಿ ಓಡುತ್ತದೆ, ಇದು ಬಿಳಿ ಅಂತ ಬೆರಳಿಡುವಷ್ಟರಲ್ಲಿ ಬೇರೆ ಏನೋ ಆಗಿರುತ್ತದೆ. ಕೈ ಗಟ್ಟಿಯಾಗಿರುವವರು ಅದನ್ನು ಹಿಡಿಯಲಾರರು. ಒಂದು ಸಣ್ಣ ಹಲಗೆಯ ಮೇಲೆ ಪ್ರಯತ್ನಪಟ್ಟೆ, ಬೇಕರಿಯ ಗೋಡೆಯೇ ಮತ್ತೆ ಎದ್ದು ನಿಂತಿತು. ನೀನು ಕಾಗದದಲ್ಲಿ ಗೆರೆ ಎಲ್ಲಿಗೋ ಓಡುತ್ತದೆ ಅಂತ ಬರೆಸಿದ್ದೀಯಲ್ಲ, ಅದನ್ನು ಲಾಯದಲ್ಲಿ ಬಕೆಟ್ಟಿನ ಮೇಲೆ ಕೂತೇ ಓದಿದೆ. ಓದಿ ತಲೆಯೆತ್ತಿದರೆ ಎದುರಿಗೆ ಆ ಭುಜ ಅದುರುತ್ತಾ ಇತ್ತು. ಅಷ್ಟೇ ಹೇಳುತ್ತೇನೆ. ಸಮಾಧಾನದ ಮಾತು ನನಗೆ ಬರುವುದಿಲ್ಲ ಅಂತ ನಿನಗೆ ಗೊತ್ತು. ನೀನು ಬಿದ್ದ ದಿನ ಕೂಡ ಮೊದಲು "ಚಪ್ಪಲಿ ಯಾಕೆ ಹಾಕಿಕೊಳ್ಳಲಿಲ್ಲ" ಅಂತಲೇ ಗದರಿದವಳು ನಾನು.

ಇನ್ನೊಂದು ಮಾತು. ಮುದುಕಿಯನ್ನು ಇನ್ನು ಶಾಲೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲದು ಅಂತ ಮೇಷ್ಟ್ರು ಯೋಚನೆಯಲ್ಲಿದ್ದರು. ಹತ್ತಿರದಲ್ಲೇ ಒಬ್ಬರ ಕೊಟ್ಟಿಗೆ ಇದೆ, ನೆಲಕ್ಕೆ ಸಿಮೆಂಟು, ಒಳ್ಳೆಯ ನೆರಳು. ದೂರದಲ್ಲಿ ಒಬ್ಬ ಸ್ನೇಹಿತರ ಹುಲ್ಲುಗಾವಲು ಇದೆ, ಲಾರಿಯಲ್ಲಿ ಕಳಿಸಬೇಕು. ಎರಡರಲ್ಲಿ ಯಾವುದು ಅಂತ ತೀರ್ಮಾನವಾಗದೆ ನನ್ನನ್ನೂ ಕೇಳಿದರು. ನಾನು ನನಗೆ ತೋಚಿದ್ದು ಹೇಳಿದೆ. ಎಲ್ಲಿ ಹೋದರೂ ಅದಕ್ಕೆ ನೆಮ್ಮದಿ ಸಿಗಬೇಕು, ದುಡಿದ ಜೀವ. ಅದು ಈ ಮಳೆಗಾಲವನ್ನು ನೋಡುತ್ತದೆ ಅನ್ನುತ್ತಾರೆ, ಮುಂದಿನದ್ದನ್ನು ಹೇಳಲಾರೆ ಅನ್ನುತ್ತಾರೆ. ಅದು ಇರುವಾಗಲೇ ಚಿತ್ರ ಮುಗಿಯಬೇಕು ಅನ್ನುವುದೊಂದೇ ಅವರ ಆಸೆ, ನನ್ನದೂ ಅದೇ. ನೋಡದೆ ನೆನಪಿನಿಂದ ಬರೆದದ್ದು ನಮ್ಮ ಕೋಣೆಯಿಂದ ಈವರೆಗೆ ಆಚೆ ಹೋಗಿಲ್ಲ.

ಕೈಗೆ ದಿನಾ ಎಣ್ಣೆ ಹಚ್ಚಿ ಬಿಸಿನೀರಿನಲ್ಲಿ ಇಡು. ಮೊಮ್ಮಗಳಿಗೆ ನನ್ನ ಮುತ್ತು, ಇದರ ಜೊತೆ ಇದ್ದಿಲಿನ ಒಂದು ತುಂಡು ಇಟ್ಟಿದ್ದೇನೆ, ಗೋಡೆಗೆ ಬಳಿದರೆ ನಿನ್ನ ಮಗಳು ನನ್ನನ್ನು ಬೈಯಲಿ, ಅವಳನ್ನು ಬೈಯುವುದು ಬೇಡ. ಅಳಿಯಂದಿರಿಗೆ ನಮಸ್ಕಾರ. ಟೈಲರ್ ನಿನ್ನನ್ನು ಕೇಳಿದ ಅಂತ ಬರೆಯಲು ಹೇಳಿದ್ದಾನೆ, ದಿನಾ ಹೇಳುತ್ತಾನೆ, ಎಲ್ಲವನ್ನೂ ಸೇರಿಸಿ ಒಟ್ಟಿಗೆ ತಿಳಿಸುತ್ತಿದ್ದೇನೆ. ನಿನ್ನ ಬೆರಳುಗಳೆಲ್ಲಾ ಒಂದನ್ನೊಂದು ಬೇಗ ಮುಟ್ಟಲಿ, ನಿನ್ನ ಗೊಣಗಾಟ ನೂರು ವರ್ಷ ಇರಲಿ.

ಎಂದೆಂದಿಗೂ ನಿನಗಿಂತ ದೊಡ್ಡವಳಾದ
ಅಕ್ಕ

ಮರೆತಿದ್ದೆ: ಟೈಲರ್ ಅಂಚೆಪೆಟ್ಟಿಗೆಯ ಕಡೆ ಹೊರಟಿದ್ದಾನೆ, ಕೆಳಗಿನಿಂದ ಕುಟ್ಟುತ್ತಿದ್ದಾನೆ, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಆ ಹುಲ್ಲುಗಾವಲು ಎಲ್ಲಿದೆ ಅಂತ ಹೇಳಲಿಲ್ಲ ಅಲ್ಲವೇ? ನಿನ್ನ ಮಗಳ ಮನೆಯ ಹಿಂದಿನ ರಸ್ತೆಯಲ್ಲಿ ನೀರಿನ ಟ್ಯಾಂಕ್ ದಾಟಿದರೆ ಸಿಗುತ್ತದಂತೆ. ಮೇಷ್ಟ್ರು ಆ ವಿಳಾಸ ಹೇಳಿದ ಕೂಡಲೇ ನಾನು ಹುಲ್ಲಿನ ಮೇಲೆ ಒಂದು ಭಾಷಣವನ್ನೇ ಮಾಡಿದೆ. ಸಿಮೆಂಟು ಗೊರಸಿಗೆ ಒಳ್ಳೆಯದಲ್ಲ, ಹಸಿ ಹುಲ್ಲು ವಯಸ್ಸಾದ ಹಲ್ಲಿಗೆ ಮೃದು, ಇನ್ನೂ ಏನೇನೋ. ಗೊರಸಿನ ಬಗ್ಗೆ ನನಗೇನು ಗೊತ್ತು? ಅವರು ಕೇಳಿಸಿಕೊಂಡು, "ನಿಮ್ಮ ತಂಗಿ ಇರೋದೂ ಆ ಕಡೆನೇ ಅಲ್ವಾ" ಅಂದು ಮೀಸೆಯಲ್ಲಿ ನಕ್ಕರು. ಆ ಮನುಷ್ಯನಿಂದ ಏನೂ ಮುಚ್ಚಿಡಲಾಗುವುದಿಲ್ಲ ಅಂತ ಹೇಳಿದೆನಲ್ಲ. ಇವತ್ತು ಬೆಳಿಗ್ಗೆ ಮುದುಕಿ ಲಾರಿ ಹತ್ತಿತು, ಈ ಕಾಗದಕ್ಕಿಂತ ಮುಂಚೆ ಅದೇ ನಿನ್ನ ಬೀದಿಯಲ್ಲಿ ಇರುತ್ತದೆ. ನಾನು ಶನಿವಾರದ ಬಸ್ಸಿಗೆ ಕ್ಯಾನ್ವಾಸನ್ನು ಕೊಳವೆಯ ಹಾಗೆ ಸುತ್ತಿಕೊಂಡು ಬರುತ್ತೇನೆ. ಮಗಳಿಗೆ ದೊಡ್ಡಮ್ಮ ಸುಮ್ಮನೆ ನೋಡಲು ಬರುತ್ತಿದ್ದಾಳೆ ಅನ್ನು, ಕೊಳವೆ ಯಾತಕ್ಕೆ ಅಂದರೆ ಕೊಡೆ ಅನ್ನು.

ನಿನ್ನ ಪೆಟ್ಟಿಗೆಯನ್ನು ಯಾರಿಗಾದರೂ ಕೊಡು ಅಂದೆಯಲ್ಲ, ಕೊಡೋಣ ಅಂತ ತೆಗೆದು ನೋಡಿದೆ. ಎಲ್ಲಾ ಇವೆ, ನೀಲಿ ಬಟ್ಟೆ ಸುತ್ತಿದ ಆ ಸಣ್ಣ ಬ್ರಶ್ ಮಾತ್ರ ಇಲ್ಲ. ಮೇಜಿನ ಕೆಳಗೆ, ಕಪಾಟಿನ ಹಿಂದೆ, ಎಲ್ಲಾ ಕಡೆ ಹುಡುಕಿದೆ. ಬೆಕ್ಕು ಒಯ್ದಿರಲಾರದು. ಬ್ರಶ್ ಹಿಡಿದರೆ ಕೈ ನಡುಗುತ್ತದೆ ಅಂತ ಬರೆಸಿದ್ದೀಯ, ಹಿಡಿದು ನೋಡದವರಿಗೆ ಅದು ಹೇಗೆ ಗೊತ್ತಾಗುತ್ತದೆ? ನಾನು ಏನೂ ಕೇಳುವುದಿಲ್ಲ. ಉಳಿದ ಬ್ರಶ್ಶುಗಳನ್ನೆಲ್ಲಾ ತರುತ್ತೇನೆ, ಅದೊಂದನ್ನು ನೀನು ತಾ. ಹುಲ್ಲುಗಾವಲಿನಲ್ಲಿ ಚಹಾದ ಅಂಗಡಿ ಇರಲಿಕ್ಕಿಲ್ಲ, ಫ್ಲಾಸ್ಕಿನಲ್ಲಿ ತುಂಬಿಸಿ ತರುತ್ತೇನೆ. ಬಿಳಿ ಹಾಕುವ ಹೊತ್ತಿಗೆ ನೀನು ಹೇಳುವ ಮೊದಲೇ ಎದ್ದು ಬೇಲಿಯ ಆಚೆ ಹೋಗಿ ಕೂರುತ್ತೇನೆ, ತಿರುಗಿ ನೋಡುವುದಿಲ್ಲ.